ಗಿರಣಿ ಸಂಗವ್ವನ ಸೆರಗು

ಸಂಗವ್ವನ ತಲೆಯ ಮೇಲಿನ ಸೆರಗು ಜಾರಿದ್ದನ್ನು ಹುನಗುಂದದಲ್ಲಿ ಯಾರೂ ನೋಡಿರಲಿಲ್ಲ. ಗಂಡ ತೀರಿದ ಮೇಲೆ ಹಿಟ್ಟಿನ ಗಿರಣಿಯನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಬೆಲ್ಟು ಬಿಚ್ಚುವಾಗ, ಜೋಳದ ಚೀಲ ಎತ್ತುವಾಗ, ಬೇಸಿಗೆಯ ಧಗೆಯಲ್ಲಿ ಕೂಡ ಸೆರಗು ಹಣೆಯ ಅಂಚಿನಲ್ಲೇ ಇರುತ್ತಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ಸಂಜೆಯ ಹೊತ್ತಿಗೆ ಹಿಟ್ಟು ಹತ್ತಿ ಬೆಳ್ಳಗಾಗುತ್ತಿತ್ತು.

ಗಿರಣಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪತ್ರಿಕೆಯ ತಾಲ್ಲೂಕು ವರದಿಗಾರನೆಂದರೆ ಅವಳಿಗೆ ತಮಾಷೆ. "ಏ ಪೇಪರ್‌ನವ, ನಿನಗ ಸುದ್ದಿ ಮುಟ್ಟೂದ್ರಾಗ ನನ್ನ ಗಿರಣ್ಯಾಗ ಅದು ಎರಡು ಸಲ ಬೀಸಿ ಮುಗಿದಿರ್ತೈತಿ," ಎನ್ನುತ್ತಿದ್ದಳು. ಅದು ಬಹುಮಟ್ಟಿಗೆ ನಿಜವೂ ಆಗಿತ್ತು.

ಓಣಿಯ ಅತ್ತೆಯರಿಗೆ ಅವಳೇ ಮಾದರಿ. ಡಬ್ಬಿ ಇಳಿಸುತ್ತ ಸೊಸೆಯಂದಿರಿಗೆ, "ಸಂಗವ್ವನ್ನ ನೋಡಿ ಕಲೀರಿ, ಮರ್ಯಾದಿ ಅಂದ್ರ ಅದು," ಎನ್ನುತ್ತಿದ್ದರು. ಸಂಗವ್ವ ತಲೆ ಎತ್ತದೆ, "ನನ್ನ ನೋಡಿ ಏನೂ ಕಲಿಬ್ಯಾಡ್ರಿ. ಹಿಟ್ಟು ತಗೊಂಡು ಮನಿಗೆ ನಡೀರಿ," ಎನ್ನುತ್ತಿದ್ದಳು. ಅದನ್ನು ಎಲ್ಲರೂ ವಿನಯವೆಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ಕಿವಿಯ ಮುಂದೆ ಗಂಟು ಎದ್ದಾಗ ಅದನ್ನೂ ಸೆರಗಿನೊಳಗೇ ಇಟ್ಟಳು. ಬಾಯಿ ಪೂರ್ತಿ ತೆರೆಯಲಾಗದೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಂಡ ಮೇಲೆ ನಾನು ಒತ್ತಾಯ ಮಾಡಿ ಬಾಗಲಕೋಟೆಗೆ ಕರೆದೊಯ್ದೆ. ಲಾಲಾರಸದ ಗ್ರಂಥಿಯಲ್ಲಿ ಗಡ್ಡೆ. ಎಳೆಯ ವಯಸ್ಸಿನ ವೈದ್ಯೆ ನಿಧಾನವಾಗಿ ಕೇಳಿದರು: "ಅಜ್ಜಿ, ಸಣ್ಣವರಿದ್ದಾಗ ತಲಿಗೆ ಮಶಿನ್‌ನಿಂದ ಬೆಳಕು ಕೊಟ್ಟಿದ್ರೇನ್ರಿ? ಎಕ್ಸ್‌ರೇ ಇದ್ದಂಗ?"

"ಇಲ್ರಿ."

"ಹಿಂದಕ ತಲಿ ಗಜಕರ್ಣಕ್ಕ ಹಂಗ ವಿಕಿರಣ ಕೊಡ್ತಿದ್ರು. ಆವಾಗ ಅದು ಔಷಧಾನ. ಭಾಳ ವರ್ಷ ಆದಮ್ಯಾಲೆ ಕೆಲವ್ರಿಗೆ ಇಂಥ ಗಂಟು ಬರ್ತಾವು. ಜೋಡಿ ತಗೊಂಡವ್ರು ಯಾರರ ಇದ್ರ, ಅವ್ರನ್ನೂ ನೋಡಬೇಕಾಗ್ತದ."

"ಇಲ್ಲಂದ್ನೆಲ್ರಿ," ಎಂದಳು ಸಂಗವ್ವ. ಕಿವಿ ತೋರಿಸಲು ಸರಿಸಿದ್ದ ಸೆರಗನ್ನು ಗಲ್ಲದ ಕೆಳಗೆ ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ವಾಪಸ್ಸು ಬರುವಾಗ ಕಮತಗಿಯಲ್ಲಿ ಬಸ್ಸು ನಿಂತದ್ದೇ ಅವಳು ಎದ್ದು ಇಳಿದಳು. ನಾನು ಹಿಂದೆ ಹೋದೆ. ಅಲ್ಲಿ ಅವಳ ತಂಗಿ ಶಾಂತವ್ವನ ಮನೆ. ಶಾಂತವ್ವ ಸೊಸೆಯಂದಿರ ಜೊತೆ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು. ಅವಳ ಸೆರಗೂ ಹಣೆಯವರೆಗೆ ಇತ್ತು.

"ಶಾಂತಾ, ದವಾಖಾನ್ಯಾಗ ಸುಳ್ಳು ಹೇಳಿ ಬಂದೇನಿ. ನೀ ಮಾತ್ರ ಸುಳ್ಳು ಹೇಳಬ್ಯಾಡ," ಎಂದು ಸಂಗವ್ವ ನಿಂತಲ್ಲೇ ಸೆರಗನ್ನು ಹೆಗಲಿಗೆ ಇಳಿಸಿದಳು.

ನೆತ್ತಿಯ ಮೇಲೆ ಅಂಗೈ ಅಗಲ ಕೂದಲೇ ಇರಲಿಲ್ಲ. ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ನೋಡುವುದು ನನ್ನ ಕೆಲಸ. ಅಪಘಾತ, ಹೆಣ, ಎಲ್ಲವನ್ನೂ ನೋಡಿ ಬರೆದಿದ್ದೇನೆ. ಅಂದು ಮಾತ್ರ ಬಾಗಿಲ ಕಡೆ ಮುಖ ತಿರುಗಿಸಿ ನಿಂತೆ.

"ಮುಚ್ಚಿಕೋ ಹುಚ್ಚಿ, ಸೊಸ್ತ್ಯಾರ ಮುಂದ?" ಎಂದಳು ಶಾಂತವ್ವ. "ಮೊಮ್ಮಗಳ ಲಗ್ನ ಗೊತ್ತಾಗೇತಿ. ಮನಿತನಕ್ಕ ಗಜಕರ್ಣ ಐತಿ ಅಂತ ಬೀಗರ ಕಿವಿಗೆ ಬಿದ್ರ?"

"ಬೀಳ್ಲಿ. ಅದ ಅಂಜಿಕಿಗೆ ಅವ್ವ ನಮ್ಮಿಬ್ರ ತಲಿ ಮುಚ್ಚಿ ಲಗ್ನಾ ಮಾಡಿದ್ಳು. ಗಂಡ ಸಾಯೂತನಕ ದೀಪ ಆರಿಸಿದ ಮ್ಯಾಲ ನಾ ಹೆರಳು ಬಿಚ್ಚೇನಿ. ಒಂದ ಮಶಿನ್ ಕೆಳಗ ಇಬ್ರನ್ನೂ ಕೂಡಿಸಿದ್ರು, ನೆನಪೈತಿಲ್ಲ? ಕುತ್ತಿಗಿ ಮುಟ್ಟಿ ನೋಡ್ಕೋ."

ತಿರುಗಿ ನೋಡಿದೆ. ಶಾಂತವ್ವನ ಬೆರಳುಗಳು ತಡಕಾಡದೆ ನೇರವಾಗಿ ದವಡೆಯ ಕೆಳಗೆ ಹೋಗಿ ನಿಂತವು. ಆ ಜಾಗ ಅವಕ್ಕೆ ಮೊದಲೇ ಗೊತ್ತಿತ್ತು.

ಶಾಂತವ್ವನ ಗಂಟು ಸಣ್ಣದಿತ್ತು, ತೆಗೆದರು. ಮೊಮ್ಮಗಳ ಮದುವೆಯೂ ಆಯಿತು. ಸಂಗವ್ವನದು ಕೆಟ್ಟ ಜಾತಿಯ ಗಡ್ಡೆ. ಶಸ್ತ್ರಚಿಕಿತ್ಸೆಯಾದ ಮೇಲೆ ಬಾಯಿ ಒಂದು ಕಡೆ ಜೋತುಬಿತ್ತು. ಗಿರಣಿಯಲ್ಲಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದು ಕೂರುತ್ತಿದ್ದಳು. ಕಮತಗಿಯಲ್ಲಿ ಇಳಿಸಿದ ಸೆರಗನ್ನು ಹುನಗುಂದದಲ್ಲಿ ಇಳಿಸಲು ಅವಳಿಂದ ಆಗಲಿಲ್ಲ. "ನಾ ಇರೂತನಕ ಬರೀಬ್ಯಾಡಪಾ," ಎಂದಷ್ಟೇ ಕೇಳಿಕೊಂಡಳು.

ಅವಳು ತೀರಿಕೊಂಡ ದಿನ ಗಿರಣಿಯ ಮುಂದೆ ಪದ್ಧತಿಯಂತೆ ಅವಳನ್ನು ಕೂಡಿಸಿದ್ದರು. ಹೆಂಗಸರು ಸೆರಗನ್ನು ಹಣೆಯವರೆಗೆ ತಂದು ಒಪ್ಪವಾಗಿ ಹೊದಿಸಿದ್ದರು. ಓಣಿಯ ಹಿರಿಯಳೊಬ್ಬಳು ಸೊಸೆಗೆ, "ಕಡೀತನಕ ಸೆರಗು ಜಾರಲಿಲ್ಲ ನೋಡು. ಕಲಿ," ಎಂದಳು.

ಅಕ್ಕನ ಪಕ್ಕದಲ್ಲಿ ಕೂತಿದ್ದ ಶಾಂತವ್ವ ಆ ಹುಡುಗಿಯ ಕಡೆ ತಿರುಗಿದಳು.

"ಏನೂ ಕಲಿಬ್ಯಾಡವ್ವ," ಎಂದಳು.

ಹಾಗೆನ್ನುವಾಗಲೂ ಅವಳ ಒಂದು ಕೈ, ದವಡೆಯ ಕೆಳಗಿನ ಹೊಲಿಗೆಯ ಗುರುತಿನ ಮೇಲೆ ಸೆರಗನ್ನು ಎಳೆದು ಹಿಡಿದಿತ್ತು.