ಪಂಜರದ ನಡುವೆ ನಿಂತ ಮಣಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬರೆಯಲು ಕುಳಿತು, ಬೇರೇನೋ ಬರೆದು ಎದ್ದಿದ್ದೇನೆ.

ಹತ್ತನೇ ತರಗತಿ ಮುಗಿಸಿ ಬಂಟ್ವಾಳದಲ್ಲಿ ಗೇಟು, ಗ್ರಿಲ್ಲುಗಳ ವೆಲ್ಡಿಂಗ್ ಅಂಗಡಿ ಇಟ್ಟವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ, ಮೂಡುಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನ್ನ ಹೆಂಡತಿಯ ತಮ್ಮ ಒಂದು ಚಿತ್ರ ಹಿಡಿದು ಬಂದ. ಐದು ಮೂಲೆ, ಆರು ಮೂಲೆಯ ಕಿಂಡಿಗಳ ದುಂಡು ಪಂಜರ. ಒಳಗೊಂದು ಮಣಿ, ಒಂದು ಬದಿಗೆ ಒತ್ತಿಕೊಂಡು.

"ಸರಳಿನಲ್ಲಿ ಹೀಗೇ ಮಾಡಿ ಕೊಡಿ ಭಾವ. ಪಂಜರ ಇಂಗಾಲದ್ದು, ಮಣಿ ಲೋಹದ ಅಯಾನು."

"ಬಾಗಿಲೇ ಇಲ್ಲ. ಮಣಿ ಒಳಗೆ ಹೋದದ್ದು ಹೇಗೆ ಮಾರಾಯ?"

"ಗೇಟು ಅಲ್ಲ ಇದು, ಚಿಲಕ ಇಡ್ಬೇಡಿ! ಲೋಹ ಬೆರೆಸಿದ ಇಂಗಾಲದ ಕಡ್ಡಿಗೆ ಕರೆಂಟು ಕೊಟ್ಟು ಆರ್ಕ್ ಹೊಡೆಸ್ತಾರೆ, ನಿಮ್ಮ ವೆಲ್ಡಿಂಗಿನ ಹಾಗೆ. ಆವಿ ತಣಿಯುವಾಗ ಲೋಹದ ಸುತ್ತ ಪಂಜರ ಕಟ್ಟಿಕೊಳ್ತದೆ."

ದಿನಾ ನೋಡುವ ಬೆಂಕಿಯಲ್ಲಿ ಇಂಥದ್ದೂ ಉಂಟೇ! ಕೆಲಸ ಬಿಟ್ಟು ಕೇಳುತ್ತಾ ಕುಳಿತೆ. ಕಣ್ಣಿಗೆ ಕಾಣದ್ದನ್ನು ಕಂಡದ್ದು ಹೇಗೆ? ಪಂಜರಗಳು ಸಾಲಾಗಿ ಜೋಡಣೆಯಾದ ಹರಳಿಗೆ ಎಕ್ಸ್-ರೇ ಹಾಯಿಸಿ, ಅದು ಚದುರುವ ರೀತಿಯಿಂದ ಲೋಹ ಎಲ್ಲಿದೆಯೆಂದು ಲೆಕ್ಕ ಹಾಕುತ್ತಾರಂತೆ. ಹೊರಗಿನಿಂದ ಬರುವ ಪ್ರೊಫೆಸರರಿಗೆ ಈ ಮಾದರಿ ತೋರಿಸಿ, ಅವರ ಕೈಕೆಳಗೆ ಸಂಶೋಧನೆಗೆ ಸೇರುವುದು ಅವನ ಆಸೆಯಾಗಿತ್ತು.

ಗ್ರಿಲ್ ಮಾಡುವವನು ಕೊನೆಯ ಬೆಸುಗೆಗೆ ಮೊದಲು ನೂಲು ಹಿಡಿದು ನಡು ನೋಡುತ್ತಾನೆ. ನಾನೂ ನೋಡಿದೆ; ಚಿತ್ರದ ಮಣಿ ನಡುವಿನಲ್ಲಿರಲಿಲ್ಲ. ಚಿತ್ರ ಬರೆದವನ ಕೈ ಜಾರಿರಬೇಕು ಎಂದುಕೊಂಡು, ಮಣಿಯಾಗಿ ಬೇರಿಂಗಿನ ಗುಂಡನ್ನು ತಂತಿ ಕಟ್ಟಿ ಸರಿಯಾಗಿ ನಡುವೆ ನಿಲ್ಲಿಸಿದೆ. ಪ್ರೊಫೆಸರರು ಬರುವ ದಿನ ಬೆಳಿಗ್ಗೆ ಗೋಣಿ ಸುತ್ತಿ ಬಸ್ಸಿಗೆ ಹಾಕಿದೆ.

ಅವರ ಎದುರಿಗೇ ಗೋಣಿ ಬಿಚ್ಚಿದನಂತೆ. "ಮುಖ್ಯ ವಿಷಯವೇ ನಿಮಗೆ ಗೊತ್ತಿಲ್ಲವಲ್ಲ" ಎಂದು ಅವರು ನಕ್ಕರಂತೆ.

ಸಂಜೆ ಪಂಜರ ಹೊತ್ತುಕೊಂಡೇ ಅಂಗಡಿಗೆ ಬಂದ.

"ಭಾವ, ಮಣಿ ನೀವು ಸರಿಸಿದ್ದಾ?"

"ಚಿತ್ರದಲ್ಲಿ ಇದ್ದ ಹಾಗೇ ಮಾಡಿದ್ದು. ನೀನು ಸರಿ ಬರೀಬೇಕಿತ್ತು."

ನಾನು ಅಕ್ಕನ ಗಂಡ. ಅವನು ಎದುರು ಮಾತಾಡಲಿಲ್ಲ. ನೆಲ ನೋಡುತ್ತಾ, "ಲೋಹ ತನ್ನ ಇಲೆಕ್ಟ್ರಾನನ್ನು ಪಂಜರಕ್ಕೆ ಕೊಡ್ತದೆ ಭಾವ. ಹಾಗಾಗಿ ಎರಡಕ್ಕೂ ಸೆಳೆತ. ನಡುವೆ ನಿಲ್ಲುವುದಿಲ್ಲ, ಬದಿಗೇ ಕೂರ್ತದೆ" ಎಂದ. ಪಂಜರವನ್ನು ಅಲ್ಲೇ ಬಿಟ್ಟು ಹೋದ. ಸಂಶೋಧನೆಯ ಜಾಗ ಅವನಿಗೆ ಸಿಗಲಿಲ್ಲ.

ಕೆಲವು ವರ್ಷಗಳ ಬಳಿಕ ಒಂದು ಸರಳು ಕತ್ತರಿಸಿ, ಮಣಿಯನ್ನು ಬದಿಗೆ ಸರಿಸಿ ಮತ್ತೆ ಬೆಸೆದೆ. ಆಮೇಲೊಮ್ಮೆ ಅಂಗಡಿಗೆ ಬಂದ ಅವನು ಹೊಸ ಬೆಸುಗೆಯ ಮೇಲೆ ಬೆರಳಾಡಿಸಿದ.

"ಈಗ ಸರಿ ಉಂಟು ಭಾವ."

ಅದು ಹೇಳುವ ಹೊತ್ತಾಗಿತ್ತು. ನಾನು "ಚಾ ಕುಡಿಯುವ" ಎಂದೆ.

ತಪ್ಪಾಯಿತು ಎಂಬ ಮಾತನ್ನು ನಾನು ಇವತ್ತಿಗೂ ಹೇಳದೆ ಉಳಿದಿರುವುದು ಅವನಿಗೆ, ನನ್ನ ಹೆಂಡತಿಯ ತಮ್ಮನಿಗೆ.