ಐದನೆಯ ಮನೆಯ ಹಿಡಿ ಜೋಳ

ಗಂಗಾವತಿಯಲ್ಲಿ ನಾವಿರುವ ಬೀದಿಯನ್ನು ನೋಡಿದವರು ಮೊದಲು ಹೇಳುವ ಮಾತು ಒಂದೇ: ‘ಏನ್ ತಂಪೈತ್ರೀ ನಿಮ್ಮ ಓಣಿ!’ ತಂಪೇನೋ ಹೌದು. ಸರ್ಕಲ್ಲಿನ ಗದ್ದಲ, ಅಕ್ಕಿ ಗಿರಣಿಯ ಲಾರಿಗಳು, ಬಸ್‌ಸ್ಟ್ಯಾಂಡಿನ ಧೂಳು ಎಲ್ಲ ಕೂಗಳತೆಯಲ್ಲೇ ಇದ್ದರೂ ನಮ್ಮ ತಿರುವಿಗೆ ಬಂದ ಕೂಡಲೇ ಯಾರೋ ಕದ ಹಾಕಿದ ಹಾಗೆ ಸದ್ದು ನಿಲ್ಲುತ್ತದೆ. ಎರಡೂ ಬದಿಗೆ ಬೇವು, ಹೊಂಗೆ, ಗುಲ್‌ಮೊಹರ್. ಮೇಲೆ ಕೊಂಬೆಗಳು ಕೂಡಿಕೊಂಡು ಮಟಮಟ ಮಧ್ಯಾಹ್ನವೂ ದಾರಿ ಮಬ್ಬಾಗಿರುತ್ತದೆ. ಗಿರಣಿ ಮಾಲೀಕರು, ಡಾಕ್ಟರುಗಳು, ದೊಡ್ಡ ಗುತ್ತಿಗೆದಾರರು ಕಟ್ಟಿಸಿದ ಮನೆಗಳು. ಎತ್ತರದ ಗೇಟು, ಗೇಟಿಗೊಂದು ಕ್ಯಾಮೆರಾ. ಮನುಷ್ಯರನ್ನು ಮಾತ್ರ ಹುಡುಕಬೇಕು. ನನ್ನ ಗಂಡ ನೀರಾವರಿ ಇಲಾಖೆಯ ಎಂಜಿನಿಯರ್, ದಿನಾ ಮುನಿರಾಬಾದಿಗೆ ಹೋಗಿಬರುತ್ತಾರೆ. ಮನೆ ಆರಿಸಿದ್ದು ಅವರೇ. ನಾನು ಕುಷ್ಟಗಿ ಕಡೆಯ ಬಯಲಿನವಳು. ಬಾಗಿಲಲ್ಲಿ ನಿಂತು ಅಕ್ಕಪಕ್ಕದವರ ಜೊತೆ ಒಂದು ಸಣ್ಣ ಜಗಳವಾದರೂ ಆಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇಲ್ಲಿ ಜಗಳಕ್ಕೂ ಯಾರೂ ಸಿಗುತ್ತಿರಲಿಲ್ಲ.

ಆ ಮೌನ ನಮ್ಮ ಮನೆಯೊಳಗೂ ಬಂದು ಕೂತಿತ್ತು. ಮಗಳಿಗೆ ಮೂರು ದಾಟಿದರೂ ಒಂದು ಮಾತು ಆಡಿರಲಿಲ್ಲ. ನಗುತ್ತಿದ್ದಳು, ಅಳುತ್ತಿದ್ದಳು, ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಬಾಯಿ ಮಾತ್ರ ಬಿಡಳು. ‘ಕಿವಿ ಛಲೋ ಐತಿ, ಕೆಲವು ಮಕ್ಕಳು ತಡಾ ಮಾಡ್ತಾವ, ಕಾಯ್ರಿ’ ಅಂದರು ಡಾಕ್ಟರು. ಕಾಯ್ರಿ ಅನ್ನುವುದಕ್ಕೆ ಏನು ಹೋಗಬೇಕು ಅವರಿಗೆ? ಅವಳ ಬಾಯಿಂದ ಒಂದೇ ಒಂದು ಸಲ ‘ಅವ್ವಾ’ ಅನ್ನಿಸಿಕೊಳ್ಳಲು ನಾನು ಹಗಲೂ ಇರುಳೂ ಸಾಯುತ್ತಿದ್ದೆ. ಮಧ್ಯಾಹ್ನವಾದರೆ ಅವಳು ಮುಂದಿನ ಕೋಣೆಯ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಬೀದಿಯ ತುದಿಯಲ್ಲಿ ಗಿಡಗಳಲ್ಲೇ ಮುಚ್ಚಿಹೋದ ಮನೆಯೊಂದಿತ್ತು. ಆ ಕಡೆ ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತು ಕಿವಿ ಕೊಟ್ಟಿದ್ದೇನೆ. ಒಣಗಿದ ಎಲೆ ಬೀಳುವ ಸದ್ದು ಬಿಟ್ಟರೆ ನನಗೇನೂ ಕೇಳಲಿಲ್ಲ.

ಮೊಹರಂ ಹತ್ತಿರ ಬಂದಾಗ ಊರಿಂದ ಅತ್ತೆ ಬಂದರು. ಬಂದವರೇ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೀರ್ಪು ಕೊಟ್ಟರು. ‘ಈಕಿನ್ನ ಫಕೀರ ಮಾಡ್ತೀನಂತ ಪೀರಲ ದೇವರಿಗೆ ಬೇಡಿಕೊಂಡೀನಿ.’ ನಮ್ಮ ಕಡೆ ಇದು ಹೊಸದಲ್ಲ. ಮಕ್ಕಳಿಗೆ ಏನಾದರೂ ಆದರೆ, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಮೊಹರಂನಲ್ಲಿ ಕೊರಳಿಗೆ ಲಾಡಿ ಅನ್ನುವ ಕೆಂಪು ದಾರ ಕಟ್ಟಿಸಿ, ಹೆಗಲಿಗೆ ಜೋಳಿಗೆ ಹಾಕಿ, ಐದು ಮನೆ ಬೇಡಿಸುತ್ತಾರೆ. ಬೇಡಿ ತಂದದ್ದರಲ್ಲಿ ಚೊಂಗೆ ಅನ್ನುವ ಸಿಹಿರೊಟ್ಟಿ ಮಾಡಿ, ಮಸೀದಿಯಲ್ಲಿ ಕೂರಿಸಿದ ಪೀರಲ ದೇವರಿಗೆ ಕೊಟ್ಟು, ಮಗುವಿಗೆ ತಿನ್ನಿಸುತ್ತಾರೆ. ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ, ‘ಈ ಓಣ್ಯಾಗ ಜೋಳಿಗಿ ಹಾಕ್ಕೊಂಡು ಹೊಂಟ್ರ ವಾಚ್‌ಮನ್ನರು ಓಡಿಸ್ಯಾರು’ ಅಂದರು. ‘ಓಡಿಸ್ಲಿ, ನಾ ನೋಡ್ಕೋತೀನಿ’ ಅಂದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಅತ್ತೆಗೆ ಮೊಣಕಾಲು ನೋವು. ಹೊರಡುವಾಗ ನನ್ನನ್ನು ಹತ್ತಿರ ಕರೆದು ಹೇಳಿದರು: ‘ಸಾಲು ಹಿಡದು ಐದು ಮನಿ. ನಡುವ ಒಂದು ಬಾಗಿಲಾನೂ ಬಿಡಂಗಿಲ್ಲ. ಬೀಗ ಇದ್ರೂ ಕರೀಬೇಕು. ಫಕೀರಗ ಬೀಗ ಕಾಣಂಗಿಲ್ಲ.’

ಮೊದಲನೆಯ ಮನೆಯಲ್ಲಿ ಕೆಲಸದಾಕೆ ಗೋಧಿಹಿಟ್ಟು ತಂದು ದೂರದಿಂದಲೇ ಸುರಿದಳು. ಎರಡನೆಯ ಮನೆಯ ಗೇಟಿನ ಡಬ್ಬಿಯೊಳಗಿಂದ ಒಂದು ದನಿ, ‘ಯಾವ ಸಂಸ್ಥೆಯವರು?’ ಅಂತ ಕೇಳಿತು. ‘ದೇವರ ಸಂಸ್ಥೆ, ಬರ್ರಿ ಹೊರಗ!’ ಅಂದೆ. ಸಿಟ್ಟಿಗೆ ಹೆದರಿಯೋ ಏನೋ, ಅಲ್ಲೂ ಹಿಟ್ಟು ಬಂತು. ಮೂರನೆಯ ಮನೆಯ ಡಾಕ್ಟರ ಹೆಂಡತಿ ಒಂದು ಕೈಯಲ್ಲಿ ನೀಡುತ್ತ ಇನ್ನೊಂದು ಕೈಯಲ್ಲಿ ವಿಡಿಯೋ ಮಾಡಿದಳು. ನಾಲ್ಕನೆಯದು ಬಟ್ಟೆ ವ್ಯಾಪಾರದ ಮುಸ್ಲಿಂ ಮನೆ. ಅಲ್ಲಿನ ಹಿರಿಯಾಕೆಯನ್ನು ಬೀದಿಯವರೆಲ್ಲ ಖಾಲಾ ಅನ್ನುತ್ತಿದ್ದರು. ಅವರು ಮಾತ್ರ ಮಗಳ ಮುಂದೆ ಕೂತು, ತಲೆ ಸವರಿ, ಹಿಟ್ಟಿನ ಮೇಲೆ ಸಕ್ಕರೆ ಹಾಕಿದರು. ‘ಮಾತು ಬರ್ತದ ಬೇಟಿ, ಯಾಕ ಬರಂಗಿಲ್ಲ?’ ಅಂದರು. ನನಗೆ ಕಣ್ಣು ತುಂಬಿತು.

ಐದನೆಯದು ಆ ತುದಿಯ ಮನೆ. ಅದರಾಚೆ ಸಾಲೇ ಇಲ್ಲ. ಗೇಟಿನ ಬುಡದಲ್ಲಿ ಎಲೆಗಳ ಗುಡ್ಡೆ, ಚಿಲಕದಲ್ಲಿ ತುಕ್ಕು ಹಿಡಿದ ಬೀಗ. ಹಕ್ಕಿಯ ಸದ್ದೂ ಇರಲಿಲ್ಲ. ಅತ್ತೆ ಹೇಳಿದ್ದು ನೆನಪಾಗಿ ಕರೆದೆ: ‘ನೀಡ್ರೀ ಅವ್ವಾ, ಫಕೀರ ಬಂದೈತಿ!’ ಕರೆದ ಮೇಲೆ ನನ್ನ ಮೇಲೆ ನನಗೇ ನಗು ಬಂತು. ಹಿಂದಿರುಗಿ ಖಾಲಾ ಇನ್ನೂ ನಿಂತಿದ್ದಾರೇನೋ ಎಂದು ನೋಡುವಷ್ಟರಲ್ಲಿ ಬಳೆಗಳ ಸದ್ದು ಕೇಳಿತು. ಗಾಜಿನ ಬಳೆ, ಕೈತುಂಬ. ತಿರುಗಿದರೆ ಮಗಳು ಗೇಟಿನ ಸಂದಿಯಿಂದ ಜೋಳಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬಿಳಿ ಹಿಟ್ಟಿನ ಮೇಲೆ ಒಂದು ಹಿಡಿ ಜೋಳ. ಒಳಗೆ ಕಾವಲುಗಾರನ ಹೆಂಡತಿ ಇರಬೇಕು ಅಂದುಕೊಂಡು, ‘ಪುಣ್ಯ ಬರ್ಲಿ ತಂಗೀ’ ಎಂದು ಗಿಡಗಳ ಕಡೆ ಕೂಗಿ ಹೇಳಿದೆ.

ವಾಪಸು ಬರುವಾಗ ಖಾಲಾ ಗಿಡಗಳಿಗೆ ನೀರು ಹಾಕುತ್ತಿದ್ದರು. ಐದೂ ಮನೆ ಆಯಿತೆಂದು ಖುಷಿಯಿಂದ ಹೇಳಿದೆ. ಅವರ ಕೈಯ ಪೈಪು ಅಲ್ಲೇ ನಿಂತಿತು.

‘ಅಲ್ಲಿ ಯಾರ ಅದಾರ ಬೇಟಿ? ಆ ಮನಿಗೆ ಬೀಗ ಬಿದ್ದು ಭಾಳ ವರ್ಷ ಆತು. ಕಾವಲಿಗೂ ಯಾರಿಲ್ಲ.’ ನಳ ಬಂದ್ ಮಾಡಿ ಮುಂದುವರಿಸಿದರು. ‘ಮೊದಲ ಒಬ್ಬಾಕಿ ಇದ್ಳು. ಮಕ್ಕಳಿರಲಿಲ್ಲ. ಮೊಹರಂ ಬಂದ್ರ ಮುಂಜಾನಿಂದ ಗೇಟ್ ಬಿಟ್ಟು ಅಲ್ಲಾಡ್ತಿರಲಿಲ್ಲ, ಫಕೀರ ಮಕ್ಕಳು ಬರ್ತಾವಂತ. ಪಾಪ, ಅಲ್ಲೇ ತೀರಿಹೋದ್ಳು.’

ಅತ್ತೆ ಜೋಳಿಗೆ ಬಿಚ್ಚಿದರು. ಕಾಳನ್ನು ಅಂಗೈಗೆ ತೆಗೆದುಕೊಂಡು ಮೂಸಿದರು. ನಾನೂ ಮೂಸಿದೆ. ಹಗೇವಿನ ವಾಸನೆ. ನಮ್ಮ ಊರಲ್ಲಿ ಹಿಂದೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ವರ್ಷಗಳ ಮೇಲೆ ತೆಗೆದಾಗ ಇದೇ ಮುಗ್ಗಲು ವಾಸನೆ ಬರುತ್ತಿತ್ತು. ಅಕ್ಕಿ ಉಣ್ಣುವ ಈ ಊರಲ್ಲಿ, ಈ ಬೀದಿಯಲ್ಲಿ, ಹಗೇವು ಎಲ್ಲಿಯದು? ಖಾಲಾ ಹೇಳಿದ್ದನ್ನು ಹೇಳಿದೆ. ಅತ್ತೆಯ ಮುಖ ಇಳಿಯಿತು.

‘ಒಂದೂ ಕಾಳು ಉಳೀದಂಗ ಆರಿಸಿ ಬೇವಿನ ಬುಡಕ್ಕ ಚೆಲ್ಲು. ನಾಲ್ಕು ಮನಿದು ಸಾಕು.’

‘ಐದು ಅಂದವರು ನೀವ ಅಲ್ರಿ?’

‘ನಾ ಬದುಕಿದ್ದವರ ಮನಿ ಅಂದೀನಿ!’

‘ಕೊಟ್ಟಾಕಿ ಯಾರರ ಆಗ್ಲಿ, ನನ್ನ ಮಗಳಿಗೆ ಮಾತು ಬರ್ಲಿ’ ಅಂದೆ. ನನ್ನ ಹಟ ಅತ್ತೆಗೆ ಹೊಸದಲ್ಲ. ಜೋಳವನ್ನು ಮಿಕ್ಸಿಗೆ ಹಾಕಿ ತಿರುವಿದೆ, ಹಿಟ್ಟಿಗೆ ಕಲಸಿದೆ, ಚೊಂಗೆ ಸುಟ್ಟೆ. ದೇವರಿಗೆ ಕೊಟ್ಟು ಬಂದು ಮಗಳಿಗೆ ತಿನ್ನಿಸಿದೆ. ಅಷ್ಟು ಆಸೆಯಿಂದ ಅವಳು ಬೇರೇನನ್ನೂ ತಿಂದದ್ದು ನಾನು ಕಂಡಿರಲಿಲ್ಲ. ಅತ್ತೆ ಮಾತ್ರ ಒಂದು ಚೂರೂ ಮುಟ್ಟಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ. ಅತ್ತೆ ಮುಂದಿನ ಕೋಣೆಯಲ್ಲಿ ಅಡ್ಡಾಗಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆಗ ಕೇಳಿತು, ಸ್ಪಷ್ಟವಾಗಿ, ಎಷ್ಟೋ ದಿನದಿಂದ ಮಾತಾಡುತ್ತಿದ್ದ ಮಗುವಿನ ಹಾಗೆ:

‘ಬಂದ್ನಿ ಅವ್ವಾ!’

ಯಪ್ಪಾ ದೇವರೇ! ಕೈಯ ಪಾತ್ರೆ ಬಿಟ್ಟು ಓಡಿದೆ. ಅಳುತ್ತ, ನಗುತ್ತ, ಎರಡೂ ಕೈ ಚಾಚಿಕೊಂಡು ಬಾಗಿಲಿಗೆ ಬಂದೆ. ಮಗಳು ನನಗೆ ಬೆನ್ನು ಮಾಡಿ ಕಿಟಕಿಯಲ್ಲಿ ನಿಂತಿದ್ದಳು. ಮುಖ ಬೀದಿಯ ತುದಿಯ ಕಡೆಗಿತ್ತು. ಸರಳುಗಳ ನಡುವಿಂದ ಒಂದು ಕೈ ಹೊರಗೆ ಚಾಚಿತ್ತು.

ಅತ್ತೆ ಎದ್ದು ಕೂತಿದ್ದರು. ‘ನೀ ಆಕಿನ್ನ ಕರದಿ ಏನ?’ ಎಂದು ಪಿಸುಗುಟ್ಟಿದರು.

ನಾನು ಕರೆದಿರಲಿಲ್ಲ.

ಈಗ ಮಗಳು ಶಾಲೆಗೆ ಹೋಗುತ್ತಾಳೆ. ಬಾಯಿ ತೆರೆದರೆ ಮುಚ್ಚಳು, ನನಗಿಂತ ಹೆಚ್ಚು. ಅವಳ ಮೊದಲ ಮಾತು ‘ಅವ್ವಾ’ ಎಂದು ಗಂಡ ಬಂದವರಿಗೆಲ್ಲ ಹೇಳುತ್ತಾರೆ. ನಾನೂ ಅತ್ತೆಯೂ ಸುಮ್ಮನಿರುತ್ತೇವೆ. ಮಧ್ಯಾಹ್ನ ಬೀದಿ ಸದ್ದಿಲ್ಲದಾದಾಗ ನಾನು ಕೆಲಸವಿಲ್ಲದಿದ್ದರೂ ಅವಳನ್ನು ಕೂಗಿ ಕರೆಯುತ್ತೇನೆ. ‘ಬಂದ್ನಿ ಅವ್ವಾ’ ಅನ್ನುತ್ತಾಳೆ, ಕೂಡಲೇ. ಅವಳ ಹೆಜ್ಜೆ ನನ್ನ ಕಡೆ ಬರುವುದು ಕೇಳುವವರೆಗೆ ನಾನು ಉಸಿರು ಹಿಡಿದು ನಿಂತಿರುತ್ತೇನೆ.