ಅಕ್ಕತಂಗಿಯರ ಪಟದ ಮೇಲೆ ಜೇಡ

ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನಂತೆ ಚಾಚಿಕೊಂಡು, ಬಲೆಯ ನಡುವೆ ತಲೆಕೆಳಗಾಗಿ ಕೂರುವ ಜೇಡವನ್ನು ನಮ್ಮ ಕಡೆಯ ಹಿತ್ತಿಲುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಅದಕ್ಕಾಗಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಐವತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಹುಣಸೂರಿನಲ್ಲಿ ಸೋದರಮಾವನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಗಾಜಿನ ಪ್ಲೇಟು ಹಾಕುವ ಮರದ ಕ್ಯಾಮೆರಾ. ಅದರ ತಿದಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ. ಚಿಕ್ಕ ಲೆನ್ಸು ಹಾಕಿ ತಿದಿಯನ್ನು ಪೂರ್ತಿ ಎಳೆದರೆ ಹುಣಸೆಬೀಜ ಅಡಿಕೆಯಷ್ಟಾಗಿ ಕಾಣುತ್ತದೆಂದು ಒಂದು ದಿನ ನಾನೇ ಕಂಡುಹಿಡಿದೆ. ಆಮೇಲೆ ನನಗೆ ಮನುಷ್ಯರ ಮುಖಗಳೇ ಬೇಸರವಾದವು. ಇರುವೆ, ಜೀರುಂಡೆ, ಜೇಡ, ಇವೇ ಕಣ್ಣಲ್ಲಿ.

ಮಾವ ಮದುವೆಯೊಂದಕ್ಕೆ ಕೆ.ಆರ್. ನಗರಕ್ಕೆ ಹೋದಾಗ ಕಟ್ಟೆಮಳಲವಾಡಿಯ ರೈತರೊಬ್ಬರ ಮನೆಗೆ ನನ್ನೊಬ್ಬನನ್ನೇ ಕಳಿಸಿದರು. ಅಲ್ಲಿನ ಅಜ್ಜಿಯ ತಂಗಿ ಎಚ್.ಡಿ. ಕೋಟೆ ಕಡೆಯಿಂದ ಬಹಳ ವರ್ಷಗಳ ಮೇಲೆ ಬಂದಿದ್ದರು. ಆವತ್ತೇ ಹಿಂತಿರುಗುವವರು. ಇಬ್ಬರೂ ಜೊತೆಯಾಗಿ ಒಂದು ಪಟ ತೆಗೆಸಿಕೊಳ್ಳಬೇಕೆಂದು ಅಕ್ಕನ ಆಸೆ. ಮಾವ ಎರಡು ಪ್ಲೇಟು ಕೊಟ್ಟು, ಎರಡರಲ್ಲೂ ಅವರನ್ನೇ ತೆಗೆ, ಒಂದು ಕೆಟ್ಟರೆ ಇನ್ನೊಂದಿರುತ್ತದೆ ಎಂದಿದ್ದರು. ಒಮ್ಮೆ ತೆಗೆದ ಪ್ಲೇಟು ಗುರುತಾಗಲೆಂದು, ಅದಿರುವ ಮರದ ಹೋಲ್ಡರಿಗೆ ಕೂಡಲೇ ದಾರ ಸುತ್ತುವುದು ಅವರ ಕಟ್ಟುನಿಟ್ಟು.

ವಿಭೂತಿ ಧರಿಸಿದ ಇಬ್ಬರು ಮುದುಕಿಯರು ಜಗಲಿಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತರು. ನಗಬೇಕೋ ಬೇಡವೋ ಎಂದು ತಂಗಿ ಕೇಳಿದರು.

"ಬಾಯ್ ಬುಡಬ್ಯಾಡ ಕಣೇ," ಎಂದರು ಅಕ್ಕ. "ಹಲ್ಲಿಲ್ದಿರೋದೆಲ್ಲ ಪಟದಲ್ಲಿ ಬಿದ್ದೋಯ್ತದೆ."

ಒಂದು ಪ್ಲೇಟು ತೆಗೆದೆ. ಅಷ್ಟರಲ್ಲಿ ಪಕ್ಕದ ದಾಸವಾಳದ ಗಿಡಕ್ಕೂ ಬೇಲಿಗೂ ನಡುವೆ ಬಲೆ ಹೊಳೆದದ್ದು ಕಾಣಿಸಿತು. ನಡುವೆ ಆ ಜೇಡ! ಗಾಳಿ ಒಂದು ಎಳೆಯೂ ಇಲ್ಲ. ಇಂಥ ಗಳಿಗೆ ಇನ್ನೊಮ್ಮೆ ಸಿಕ್ಕೀತೇ? ಆಯಿತು ಅವ್ವಾ, ಏಳಿ ಎಂದುಬಿಟ್ಟೆ. ಎರಡನೆಯ ಪ್ಲೇಟನ್ನು ಹಾಗೆ ಕದ್ದೆ.

ಲೆನ್ಸು ಬದಲಿಸಿ, ತಿದಿ ಎಳೆದು, ಕರಿಬಟ್ಟೆಯೊಳಗೆ ತಲೆ ತೂರಿಸಿದೆ. ಕ್ಯಾಮೆರಾದ ಹಿಂದಿನ ಮಂಜುಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದಲ್ಲ, ತಲೆಕೆಳಗಾಗಿದ್ದ ಜೇಡ ನೆಟ್ಟಗೆ ಎದ್ದು ನಿಂತಿತ್ತು! ಬೆಳ್ಳಿಯ ತಲೆ, ಅರಿಶಿನ ಕಪ್ಪು ಪಟ್ಟೆಯ ಹೊಟ್ಟೆ, ಕಾಲಿನ ಒಂದೊಂದು ರೋಮ, ಬಲೆಯಲ್ಲಿ ಹೊಲಿಗೆ ಹಾಕಿದಂತೆ ಅಂಕುಡೊಂಕಾದ ದಪ್ಪ ನೂಲು. ಉಸಿರು ತಾಗಿ ಬಲೆ ಅಲುಗೀತೆಂದು ಉಸಿರು ಹಿಡಿದೆ. ಗಾಜಿನಿಂದ ಕಣ್ಣು ಕೀಳದೆಯೇ ಚೀಲಕ್ಕೆ ಕೈ ಹಾಕಿ ಹೋಲ್ಡರ್ ತೆಗೆದು ಹಾಕಿದೆ. ನಾಲ್ಕು ಎಣಿಸಿದೆ. ಮುಗಿಯಿತು. ಆ ದಿನ ಮುದುಕಿಯರನ್ನು ತೆಗೆದ ಹೋಲ್ಡರಿಗೆ ದಾರ ಸುತ್ತುವುದನ್ನು ಮರೆತಿದ್ದೆ.

ಮಧ್ಯಾಹ್ನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದೆ. ಒಂದು ಖಾಲಿ. ಇನ್ನೊಂದರಲ್ಲಿ ಮೊದಲು ಜೇಡ ಮೂಡಿತು. ಸಂತೋಷಕ್ಕೆ ಒಬ್ಬನೇ ಕೂಗಿಕೊಂಡೆ. ಆಮೇಲೆ ನಿಧಾನವಾಗಿ ಅದರ ಕಾಲುಗಳ ಹಿಂದಿನಿಂದ ಎರಡು ಮುಖಗಳು ಬಂದವು. ಅಷ್ಟು ಹೊತ್ತಿಗೆ ತಂಗಿ ಹತ್ತಿದ ಕೋಟೆಯ ಬಸ್ಸು ಹೊರಟುಹೋಗಿತ್ತು.

ಮಾವನಿಗೆ ಹೇಳಿದ ಸುಳ್ಳನ್ನೇ, ವಾರ ಬಿಟ್ಟು ಪಟಕ್ಕೆ ಬಂದ ಅಕ್ಕನಿಗೂ ಹೇಳಿದೆ. ನಿಮ್ಮ ತಂಗಿ ಅಲುಗಾಡಿಬಿಟ್ಟರು ಅವ್ವಾ, ಎರಡೂ ಕೆಟ್ಟವು ಎಂದೆ. ಅವರು ನಂಬಿದರು. ಚಿಕ್ಕಂದಿನಿಂದಲೂ ಅವಳು ಒಂದು ಕಡೆ ಕುಂತವಳಲ್ಲ ಎಂದು ನಕ್ಕರು ಕೂಡ.

ಎರಡು ವರ್ಷದ ಮೇಲೆ ಅವರು ಮತ್ತೆ ಬಂದರು. ಕೋಟೆಯಲ್ಲಿ ತಂಗಿ ತೀರಿಕೊಂಡಿದ್ದರು. ಇಬ್ಬರೂ ಜೊತೆಗಿದ್ದ ಇನ್ನೊಂದು ಪಟವೇ ಇರಲಿಲ್ಲ.

"ಆ ಕೆಟ್ಟೋದ ಪಟನೇ ಐತಾ ಮಗ? ಮಕ ಕಾಣ್ದಿದ್ರೂ ಬುಡು. ಸೀರೆ ಅಂಚು ಕಂಡ್ರೂ ಸಾಕು."

ಪ್ಲೇಟು ನನ್ನ ಟ್ರಂಕಿನಲ್ಲಿತ್ತು. ಕೊಟ್ಟರೆ ಜೇಡ ಕಾಣುತ್ತದೆ, ನನ್ನ ಸುಳ್ಳೂ ಕಾಣುತ್ತದೆ. ಒಡೆದುಹೋಯಿತು ಎಂದೆ.

ಅವರು ಬೆಂಚಿನ ಮೇಲೆ ಕುಳಿತರು. "ಸಾಯೋ ಮುಂದೆ ನೋಡಕ್ಕೋಗಿದ್ನಲ್ಲ, ಆಗ್ಲೂ ಅಂದ್ಲು ಕಣಪ್ಪ, ನಾ ಅಳ್ಳಾಡ್ನಿಲ್ಲ ಕಣಕ್ಕಾ ಅಂತ. ನಾನು ನಂಬ್ನಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಅಕ್ಕನೂ ಇಲ್ಲ.

ಆ ಪ್ಲೇಟನ್ನು ಬೆಳಕಿಗೆ ಹಿಡಿದರೆ ಈ ವಯಸ್ಸಿನಲ್ಲೂ ಮೈ ಜುಮ್ಮೆನ್ನುತ್ತದೆ. ಕಣ್ಣು ಮೊದಲು ಹೋಗುವುದು ಜೇಡದ ಕಡೆಗೇ, ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಅದರ ಎಡಗಾಲುಗಳ ಸಂದಿಯಲ್ಲಿ ತಂಗಿಯ ಮುಖ. ಮೂಗುಬೊಟ್ಟಿನ ಏಳು ಹರಳನ್ನೂ ಎಣಿಸಬಹುದು. ಅವರು ಒಂದಿಷ್ಟೂ ಅಲುಗಾಡಿರಲಿಲ್ಲ.